ಹೆಂಡತಿಗೂ ಹೇಳದ ಹೆಸರು

ಅಮ್ಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಥೆಯೆಂದರೆ ಮಾತ್ರ ಪ್ರಾಣ. ಹಾಸನದಲ್ಲಿ ನಾನು ಪಿಯು ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದ ಕಾಲ. ಚಳಿಗಾಲದ ರಾತ್ರಿ ಊಟ ಮುಗಿಸಿ ನಡುಮನೆಯಲ್ಲಿ ಕೂತರೆ ಅವಳ ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆ, ಪಕ್ಕದಲ್ಲಿ ಒಂದು ಮೊರ. ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಸುಕಿದರೆ ಬೇಳೆ ಮೊರಕ್ಕೆ ಹಾರುತ್ತಿತ್ತು, ಸಿಪ್ಪೆ ಕೈಯಲ್ಲಿ ಉಳಿಯುತ್ತಿತ್ತು. ನಾನು ಎದುರಿಗೆ ಕೂತು, ಕಣ್ಣಲ್ಲಿ ಇಂಗ್ಲಿಷ್ ಓದಿಕೊಂಡು ಬಾಯಲ್ಲಿ ಕನ್ನಡ ಹೇಳುತ್ತಿದ್ದೆ. ಹಾಗೆ ಅವಳು ಕೇಳಿದ ಕಥೆಗಳಲ್ಲಿ ಒಂದು ‘ದಿ ಸ್ಕಾರ್ಲೆಟ್ ಪಿಂಪರ್ನೆಲ್’.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕಗಳ ರಾಶಿಯಿಂದ ಎತ್ತಿಕೊಂಡು ಬಂದಿದ್ದ ಪ್ರತಿ ಅದು. ರಟ್ಟು ಕಿತ್ತುಹೋಗಿ, ಬೆನ್ನಿಗೆ ಯಾರೋ ಕ್ಯಾಲೆಂಡರಿನ ಕಾಗದ ಅಂಟಿಸಿದ್ದರು. ಕಥೆ ಮುಗಿಯಲು ಹನ್ನೊಂದು ರಾತ್ರಿ ಬೇಕಾಯಿತು. ಆರನೆಯ ರಾತ್ರಿ ಅಮ್ಮ ಕೇಳಿದ ಒಂದು ಪ್ರಶ್ನೆ ಇಷ್ಟು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ಬೇಹುಗಾರರ ಕಥೆ, ಮಾರುವೇಷದ ಕಥೆ ಯಾವುದನ್ನೇ ಓದಲಿ, ಆ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಓದುತ್ತೇನೆ.

ಪ್ಯಾರಿಸ್ಸಿನ ಉಕ್ಕಡ

ಕಥೆ ಆರಂಭವಾಗುವುದು 1792ರ ಸೆಪ್ಟೆಂಬರಿನಲ್ಲಿ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಶ್ರೀರಂಗಪಟ್ಟಣದ ಒಪ್ಪಂದವಾಗಿ ಟಿಪ್ಪು ತನ್ನ ಇಬ್ಬರು ಗಂಡುಮಕ್ಕಳನ್ನು ಕಾರ್ನ್‌ವಾಲಿಸನ ಕೈಗೆ ಒತ್ತೆಯಾಗಿ ಒಪ್ಪಿಸಿದ ವರ್ಷವೇ. ಅತ್ತ ಫ್ರಾನ್ಸಿನಲ್ಲಿ ಜನ ಅರಮನೆಗೆ ನುಗ್ಗಿದ್ದರು, ದೊರೆ ಸೆರೆಯಲ್ಲಿದ್ದ. ಆ ಸೆಪ್ಟೆಂಬರಿನ ಮೊದಲ ವಾರದಲ್ಲೇ ಪ್ಯಾರಿಸ್ಸಿನ ಸೆರೆಮನೆಗಳಿಗೆ ಗುಂಪುಗಳು ನುಗ್ಗಿ ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕೊಂದುಹಾಕಿದವು. ಶ್ರೀಮಂತ ಮನೆತನದಲ್ಲಿ ಹುಟ್ಟಿದ್ದೇ ಅಪರಾಧವಾದ ಕಾಲ. ಊರ ಬಾಗಿಲುಗಳಲ್ಲಿ ಕಾವಲು. ಮಾರುವೇಷದಲ್ಲಿ ತಪ್ಪಿಸಿಕೊಳ್ಳುವವರನ್ನು ಹಿಡಿಯುವುದೇ ಅಲ್ಲಿನ ಕಾವಲುಗಾರರ ಕೆಲಸ, ಅದೇ ಅವರ ಮೋಜು ಕೂಡ.

ಬಿಬೊ ಎಂಬ ದಫೇದಾರ ಅಂಥ ಒಂದು ಉಕ್ಕಡದಲ್ಲಿ ಕೂತಿದ್ದಾನೆ. ಗಾಡಿ ಹೊಡೆದುಕೊಂಡು ಒಬ್ಬಳು ಮುದುಕಿ ಬರುತ್ತಾಳೆ. ಅವಳ ಚಾಟಿಯ ಹಿಡಿಗೆ ಬಣ್ಣಬಣ್ಣದ ಕೂದಲ ಎಳೆಗಳು ಕಟ್ಟಿವೆ. ತಲೆ ಕತ್ತರಿಸುವ ಗಿಲೊಟಿನ್ ಯಂತ್ರದ ಹತ್ತಿರ, ಸತ್ತವರ ತಲೆಯಿಂದ ಸಿಕ್ಕಿದ್ದು ಎಂದು ಹೆಮ್ಮೆಯಿಂದ ತೋರಿಸುತ್ತಾಳೆ. ಗಾಡಿಯೊಳಗೆ ಏನಿದೆ ಎಂದು ಇಣುಕಬೇಕು ಎನ್ನುವಷ್ಟರಲ್ಲಿ, ಮೊಮ್ಮಗನಿಗೆ ಸಿಡುಬು, ಪ್ಲೇಗು ಅಂತಲೂ ಅನ್ನುತ್ತಿದ್ದಾರೆ ಅಂದುಬಿಡುತ್ತಾಳೆ. ಸುತ್ತಲಿದ್ದವರೆಲ್ಲ ದೂರ ಸರಿಯುತ್ತಾರೆ. ಬಿಬೊ ಮುಖ ತಿರುಗಿಸಿ ಗಾಡಿ ಬಿಡು ಎನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಒಬ್ಬ ಸೇನಾಧಿಕಾರಿ ಏದುಸಿರು ಬಿಡುತ್ತ ಬಂದು ಆ ಗಾಡಿ ಎಲ್ಲಿ ಎಂದು ಕೇಳುತ್ತಾನೆ. ಗಾಡಿಯೊಳಗಿದ್ದವರು ಒಬ್ಬ ಕೌಂಟೆಸ್ ಮತ್ತು ಅವಳ ಇಬ್ಬರು ಮಕ್ಕಳು. ಹೊಡೆಯುತ್ತಿದ್ದ ಮುದುಕಿ ಮುದುಕಿಯೇ ಅಲ್ಲ.

ಇಲ್ಲಿಗೆ ಬಂದಾಗ ಅಮ್ಮ ಕಾಳು ಹಿಸುಕುವುದನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿದಳು. ಕೈಗಂಟಿದ್ದ ಸಿಪ್ಪೆಗಳು ನನ್ನ ಪುಸ್ತಕದ ಮೇಲೆ ಬಿದ್ದವು.

ಹೀಗೆ ಜನರನ್ನು ಪಾರುಮಾಡುತ್ತಿದ್ದವನು ಯಾರು? ಯಾರಿಗೂ ಗೊತ್ತಿಲ್ಲ. ಒಬ್ಬ ನಾಯಕ, ಅವನ ಮಾತಿಗೆ ಪ್ರಾಣ ಕೊಡುವ 19 ಮಂದಿ ಇಂಗ್ಲಿಷ್ ತರುಣರು. ಕೆಲಸ ಮುಗಿದಾಗಲೆಲ್ಲ ಒಂದು ಚೀಟಿ ಬರುತ್ತದೆ. ಅದರ ಮೇಲೆ ನಕ್ಷತ್ರದ ಆಕಾರದ ಪುಟ್ಟ ಕೆಂಪು ಹೂವಿನ ಗುರುತು. ಪಿಂಪರ್ನೆಲ್ ಎಂಬ ಆ ಹೂವು ತೋಟದ್ದಲ್ಲ, ಹೊಲದ ಕಳೆಯದು. ನೆಲಕ್ಕಂಟಿ ಹರಡುವ ಗಿಡ, ಐದು ಎಸಳು. ಮೋಡ ಕವಿದರೆ ತಾನೇ ಮುದುಡಿಕೊಳ್ಳುತ್ತದೆ, ಬಿಸಿಲಿದ್ದರೂ ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಚ್ಚುತ್ತದೆ. ಅದನ್ನು ನೋಡಿ ಇಂಗ್ಲೆಂಡಿನ ರೈತರು ಮಳೆ ಬರುವುದನ್ನು ಊಹಿಸುತ್ತಿದ್ದರು. ಇದೇ ಗಿಡ ಉತ್ತರ ಭಾರತದ ಗೋಧಿ ಹೊಲಗಳಲ್ಲಿ ನೀಲಿ ಹೂ ಬಿಡುತ್ತದೆ, ಅಲ್ಲಿನವರು ಕೃಷ್ಣನೀಲ ಎನ್ನುತ್ತಾರೆ. ಎಲ್ಲರ ಕಾಲಡಿಯಲ್ಲಿದ್ದೂ ಯಾರ ಕಣ್ಣಿಗೂ ಬೀಳದ, ಹೊತ್ತು ನೋಡಿ ಮುಖ ಮುಚ್ಚಿಕೊಳ್ಳುವ ಈ ಹೂವನ್ನು ಗುರುತಾಗಿ ಆರಿಸಿದ ಲೇಖಕಿಯ ಕಣ್ಣು ದೊಡ್ಡದು.

ಬೃಹನ್ನಳೆ ಸಿಕ್ಕಿಬಿದ್ದ ರಾತ್ರಿ

ಕಥೆಯ ಜೀವ ಇರುವುದು ಗಾಡಿಯಲ್ಲಲ್ಲ, ಲಂಡನ್ ಹೊರಗಿನ ರಿಚ್ಮಂಡಿನ ಒಂದು ಮನೆಯಲ್ಲಿ. ಅಲ್ಲಿ ಸರ್ ಪರ್ಸಿ ಬ್ಲೇಕ್ನಿ ಎಂಬ ಆಗರ್ಭ ಶ್ರೀಮಂತ. ಎತ್ತರದ ಆಳು, ಸೊಗಸಾದ ಉಡುಪು. ಬಾಯಿ ಬಿಟ್ಟರೆ ಅಂಗಿಯ ಕೈಯಂಚಿನ ಲೇಸಿನ ಮಾತು, ಕೊರಳ ವಸ್ತ್ರ ಕಟ್ಟುವ ಬಗೆಯ ಮಾತು. ಪೆದ್ದನೆಂದು ಊರೆಲ್ಲ ನಗುತ್ತದೆ. ಅವನ ಹೆಂಡತಿ ಮಾರ್ಗರೀಟ್ ಪ್ಯಾರಿಸ್ಸಿನ ಕೊಮೆಡಿ ಫ್ರಾಂಸೇಸ್ ರಂಗಮಂದಿರದ ನಟಿಯಾಗಿದ್ದವಳು, ಯುರೋಪಿನಲ್ಲೇ ಜಾಣೆ ಎನಿಸಿಕೊಂಡವಳು. ಇಂಥವಳು ಇವನನ್ನು ಹೇಗೆ ಮದುವೆಯಾದಳು ಎಂದು ಎಲ್ಲರಿಗೂ ಅಚ್ಚರಿ.

ಗಂಡ ಹೆಂಡತಿಯ ನಡುವೆ ಒಂದು ಗೋಡೆ ಎದ್ದಿದೆ. ಮಾರ್ಗರೀಟಳ ಅಣ್ಣ ಆರ್ಮಾಂಡ್ ಒಬ್ಬ ಶ್ರೀಮಂತನ ಮಗಳಿಗೆ ಕವಿತೆ ಬರೆದು ಕಳಿಸಿದ್ದಕ್ಕೆ ಆ ತಂದೆ ಆಳುಗಳಿಂದ ಅವನನ್ನು ಸಾಯುವಂತೆ ಬಡಿಸಿದ್ದ. ಮುಂದೆ ಆ ತಂದೆ ಆಸ್ಟ್ರಿಯಾದೊಂದಿಗೆ ಗುಟ್ಟಾಗಿ ಪತ್ರವ್ಯವಹಾರ ನಡೆಸುತ್ತಿದ್ದಾನೆಂದು ಅವಳಿಗೆ ತಿಳಿಯಿತು. ನೋವು ಆರಿರದ ಅವಳು ಅದನ್ನು ನಂಬಿದವರ ಮುಂದೆ ಆಡಿಬಿಟ್ಟಳು. ಆ ಕುಟುಂಬವೇ ಗಿಲೊಟಿನ್ನಿಗೆ ಹೋಯಿತು. ಮದುವೆಯಾದ ಹೊಸತರಲ್ಲೇ ಈ ಸುದ್ದಿ ಪರ್ಸಿಗೆ ಬೇರೆಯವರ ಬಾಯಿಂದ ಮುಟ್ಟಿತು. ಅವನು ವಿವರಣೆ ಬಯಸಿದ. ಅವಳ ಅಭಿಮಾನ ಅಡ್ಡ ಬಂತು. ಪ್ರೀತಿಸುವವನು ಕೇಳದೆಯೇ ನಂಬಬೇಕು ಅಂದುಕೊಂಡಳು. ಅಂದಿನಿಂದ ಅವನು ಮನೆಯಲ್ಲೂ ವೇಷ ಹಾಕಿಕೊಂಡ. ಲೋಕಕ್ಕೆ ಕಾಣುತ್ತಿದ್ದ ಪೆದ್ದನೇ ಹೆಂಡತಿಗೂ ಕಾಣತೊಡಗಿದ.

ಆ ಹೊತ್ತಿಗೆ ಫ್ರೆಂಚ್ ಸರ್ಕಾರದ ಕಡೆಯಿಂದ ಶೋವ್ಲಾನ್ ಎಂಬವನು ಲಂಡನ್ನಿಗೆ ಬರುತ್ತಾನೆ. ಆರ್ಮಾಂಡನ ಒಂದು ಪತ್ರ ಅವನ ಕೈಗೆ ಸಿಕ್ಕಿದೆ. ಪಿಂಪರ್ನೆಲ್ ಯಾರೆಂದು ಪತ್ತೆಹಚ್ಚಲು ನೆರವಾಗು, ಇಲ್ಲದಿದ್ದರೆ ನಿನ್ನಣ್ಣನ ತಲೆ ಉಳಿಯುವುದಿಲ್ಲ ಎಂದು ಅವನು ಮಾರ್ಗರೀಟಳಿಗೆ ಹೇಳುತ್ತಾನೆ. ಮಂತ್ರಿಯ ಮನೆಯ ಔತಣದಲ್ಲಿ ಒಬ್ಬ ತರುಣ ಮೇಣದಬತ್ತಿಗೆ ಹಿಡಿದು ಸುಡುತ್ತಿದ್ದ ಚೀಟಿಯ ಕೆಲವು ಪದ ಅವಳ ಕಣ್ಣಿಗೆ ಬೀಳುತ್ತವೆ. ರಾತ್ರಿ ಒಂದು ಗಂಟೆಗೆ ಊಟದ ಕೋಣೆ. ಅಣ್ಣನ ಪ್ರಾಣಕ್ಕಾಗಿ ಅವಳು ಅದನ್ನು ಶೋವ್ಲಾನನಿಗೆ ಹೇಳುತ್ತಾಳೆ. ಒಂದು ಗಂಟೆಗೆ ಅವನು ಅಲ್ಲಿ ಹೋಗಿ ನೋಡಿದರೆ ಸೋಫಾದ ಮೇಲೆ ಪರ್ಸಿ ಬ್ಲೇಕ್ನಿ ಬಾಯಿ ಬಿಟ್ಟುಕೊಂಡು ಮಲಗಿದ್ದಾನೆ. ಮತ್ಯಾರೂ ಇಲ್ಲ.

ಅಮ್ಮ ತಟ್ಟನೆ ತಲೆ ಎತ್ತಿದಳು. “ಬೃಹನ್ನಳೆ ಕಣೇ ಇವನು!” ಅಂದಳು.

ನಾನು ಬೆರಗಾದೆ. ಕಾದಂಬರಿಕಾರ್ತಿ ಇನ್ನೂ ಮೂರು ನಾಲ್ಕು ಅಧ್ಯಾಯ ಕಾಪಾಡಿಕೊಂಡು ಬರುವ ಗುಟ್ಟು ಅದು. ಆದರೆ ಅಮ್ಮ ಬೆಳೆದದ್ದು ಮಳೆ ಕೈಕೊಟ್ಟ ವರ್ಷ ದೇವಸ್ಥಾನದ ಜಗಲಿಯಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುವ ಊರಿನಲ್ಲಿ. ಗಾಂಡೀವ ಹಿಡಿಯುವ ಕೈ ಬಳೆ ತೊಟ್ಟು ನಾಟ್ಯ ಕಲಿಸುವುದು, ಬಕನನ್ನು ಕೊಂದವನು ಸೌಟು ಹಿಡಿದು ವಲಲನಾಗುವುದು ಅವಳಿಗೆ ಹೊಸದಲ್ಲ. ನಾವು ತಿರಸ್ಕಾರದಿಂದ ನೋಡಿದವನನ್ನು ಎರಡನೇ ಸಲ ನೋಡುವುದಿಲ್ಲ. ಅದೇ ಮಾರುವೇಷದ ಮೂಲ ಸೂತ್ರ. ಅದು ಅವಳಿಗೆ ಪುಸ್ತಕವಿಲ್ಲದೆಯೇ ಗೊತ್ತಿತ್ತು.

ಒಂದು ಗಳಿಗೆ ಸುಮ್ಮನಿದ್ದು ಅಮ್ಮ ಆ ಪ್ರಶ್ನೆ ಕೇಳಿದಳು. “ಅಲ್ಲ ಕಣೇ, ಪಾಂಡವರು ಯಾರು ಅನ್ನೋದು ದ್ರೌಪದಿಗೆ ಗೊತ್ತಿತ್ತಲ್ಲ. ಕಷ್ಟ ಬಂದಾಗ ರಾತ್ರಿ ಅಡುಗೆಮನೆಗೆ ಹೋಗಿ ಭೀಮನ್ನ ಎಬ್ಬಿಸ್ಕೊಂಡ್ಳಲ್ಲ. ಈ ಯಮ್ಮನಿಗೆ ಯಾಕೆ ಹೇಳ್ಲಿಲ್ಲ ಅವನು?”

ಉಂಗುರ

ಔತಣದಿಂದ ಮರಳಿದ ಆ ರಾತ್ರಿ, ಬೆಳಗಾಗುವ ಮುಂಚೆ, ರಿಚ್ಮಂಡಿನ ತೋಟದಲ್ಲಿ ಅವರಿಬ್ಬರೂ ನಿಂತು ಮಾತಾಡುತ್ತಾರೆ. ಅವಳು ಅಣ್ಣನ ಸಂಕಟ ಹೇಳಿಕೊಂಡು ಅಳುತ್ತಾಳೆ. ಅವನು ಉಳಿಸುವ ಮಾತು ಕೊಡುತ್ತಾನೆ, ಆದರೆ ಮುಖದ ಬಿಗಿ ಸಡಿಲಿಸುವುದಿಲ್ಲ. ಅವಳು ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಾಳೆ. ಆಮೇಲೆ ನಡೆಯುವುದನ್ನು ನೋಡುವವರು ನಾವು ಮಾತ್ರ. ಆ ಎತ್ತರದ ಮನುಷ್ಯ ಮೊಣಕಾಲೂರಿ, ಅವಳು ಹೆಜ್ಜೆಯಿಟ್ಟ ಮೆಟ್ಟಿಲುಗಳಿಗೆ ಮುತ್ತಿಡುತ್ತಾನೆ. ಅವಳ ಕೈ ತಾಗಿದ್ದ ಕಲ್ಲಿನ ಕಟಾಂಜನಕ್ಕೂ ಮುತ್ತಿಡುತ್ತಾನೆ. ಒಳಗಿರುವವಳಿಗೆ ಇದರ ಸುಳಿವೂ ಇಲ್ಲ.

ಮರುದಿನ ಅವನು ಉತ್ತರದ ಕಡೆ ಹೋಗುತ್ತೇನೆಂದು ಹೇಳಿ ಹೊರಟುಬಿಡುತ್ತಾನೆ. ಯಾವತ್ತೂ ಕಾಲಿಡದ ಅವನ ಓದುವ ಕೋಣೆಗೆ ಅವಳು ಹೋಗುತ್ತಾಳೆ. ಪೆದ್ದನ ಕೋಣೆ ಹೀಗಿರುವುದಿಲ್ಲ. ಕಾಗದಗಳೆಲ್ಲ ಒಪ್ಪವಾಗಿವೆ, ಗೋಡೆಯ ಮೇಲೆ ಫ್ರಾನ್ಸಿನ ಭೂಪಟಗಳಿವೆ. ನೆಲದ ಮೇಲೆ ಏನೋ ಕಾಲಿಗೆ ತಾಗುತ್ತದೆ. ಎತ್ತಿ ನೋಡಿದರೆ ಚಿನ್ನದ ಮುದ್ರೆಯುಂಗುರ, ಅದರ ಮೇಲೆ ನಕ್ಷತ್ರದ ಆಕಾರದ ಪುಟ್ಟ ಹೂವು. ನಿನ್ನೆ ತಾನು ಶತ್ರುವಿಗೆ ಹಿಡಿದುಕೊಟ್ಟದ್ದು ಯಾರನ್ನು ಎಂದು ಅವಳಿಗೆ ತಿಳಿಯುವುದು ಆಮೇಲೆ.

ಉಂಗುರವೊಂದು ಗುಟ್ಟು ಬಿಟ್ಟುಕೊಡುವುದು ನಮಗೆ ಪರಿಚಿತ. ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕ, ಅದನ್ನು ಕನ್ನಡಕ್ಕೆ ಒಗ್ಗಿಸಿ ಕೆಂಪುನಾರಾಯಣ 1823ರಲ್ಲಿ ಬರೆದ ‘ಮುದ್ರಾಮಂಜೂಷ’ ನಿಂತಿರುವುದೇ ಉಂಗುರದ ಮೇಲೆ. ಸಂಸ್ಕೃತ ನಾಟಕದಲ್ಲಿ ಯಮನ ಚಿತ್ರವಿರುವ ಯಮಪಟ ಹಿಡಿದು ಮನೆಮನೆ ಸುತ್ತುವ ಚಾಣಕ್ಯನ ಬೇಹುಗಾರನಿಗೆ ಎದುರಾಳಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಸಿಗುತ್ತದೆ. ಎಲ್ಲಿ ಸಿಕ್ಕಿತು? ರಾಕ್ಷಸ ತನ್ನ ಸಂಸಾರವನ್ನು ಬಚ್ಚಿಟ್ಟಿದ್ದ ಗೆಳೆಯನ ಮನೆಯ ಹೊಸ್ತಿಲಲ್ಲಿ. ಹೊರಗೆ ಓಡಿದ ಮಗುವನ್ನು ಒಳಗೆಳೆದುಕೊಳ್ಳುವಾಗ ತಾಯಿಯ ಬೆರಳಿಂದ ಜಾರಿಬಿದ್ದದ್ದು ಅದು. ಅಷ್ಟು ದೊಡ್ಡ ರಾಜತಂತ್ರ ಮಗುವನ್ನು ಹಿಡಿಯಲು ಚಾಚಿದ ಒಂದು ಕೈಯಿಂದ ಮುರಿದುಬಿತ್ತು. ಗುಟ್ಟು ಎಷ್ಟೇ ದೂರದ ಅರಮನೆಯದಾಗಲಿ, ಅದರ ಭಾರ ಬಂದು ಬೀಳುವುದು ಮನೆಯೊಳಗಿನವರ ಮೇಲೆ. ವಿಶಾಖದತ್ತನಿಗೂ ಅದು ಗೊತ್ತಿತ್ತು, ಈ ಕಾದಂಬರಿ ಬರೆದ ಹೆಂಗಸಿಗೂ ಗೊತ್ತಿತ್ತು.

ಬರೆದವಳು

ಎಮ್ಮಾ ಓರ್ಸಿ ಇಂಗ್ಲಿಷಿನವಳಲ್ಲ. 1865ರಲ್ಲಿ ಹಂಗೇರಿಯ ತಾರ್ನಾಓರ್ಶ್ ಎಂಬ ಊರಿನಲ್ಲಿ ಹುಟ್ಟಿದವಳು. ತಂದೆ ಜಮೀನ್ದಾರ, ಸಂಗೀತ ರಚಿಸುತ್ತಿದ್ದವನು. ಅವನು ತನ್ನ ಜಮೀನಿಗೆ ಹೊಸ ಯಂತ್ರಗಳನ್ನು ತರಿಸಿದಾಗ, ನಮ್ಮ ಕೂಲಿ ಹೋಯಿತೆಂದು ಹೆದರಿದ ರೈತರು ಬೆಂಕಿ ಹಚ್ಚಿದರು. ಆಗ ಎಮ್ಮಾ ಮೂರು ವರ್ಷದ ಕೂಸು. ಕುಟುಂಬ 1868ರಲ್ಲಿ ಜಮೀನು ಬಿಟ್ಟು ಹೊರಟಿತು. ಬುಡಾಪೆಸ್ಟ್, ಬ್ರಸೆಲ್ಸ್, ಪ್ಯಾರಿಸ್ ಸುತ್ತಿ 1880ರಲ್ಲಿ ಲಂಡನ್ನಿಗೆ ಬಂತು. ಇಂಗ್ಲಿಷ್ ಕಲಿತದ್ದೇ ಆ ಹದಿಹರೆಯದಲ್ಲಿ, ಮುಂದೆ ಬರೆದದ್ದೆಲ್ಲ ಅದೇ ಭಾಷೆಯಲ್ಲಿ. ಚಿತ್ರಕಲೆ ಕಲಿಯುವಾಗ ಪರಿಚಯವಾದ ಮಾಂಟೇಗ್ ಬಾರ್‌ಸ್ಟೋ ಎಂಬ ಚಿತ್ರಕಾರನನ್ನು 1894ರಲ್ಲಿ ಮದುವೆಯಾದಳು.

ಅವಳ ಕಥೆಯಲ್ಲಿ ರೈತರು, ಕೂಲಿಗಳು ಬಹುಪಾಲು ಕ್ರೂರಿಗಳು. ಶ್ರೀಮಂತರು ಬಹುಪಾಲು ಅಮಾಯಕರು. ಮೂರು ವರ್ಷದ ಕಣ್ಣಿಗೆ ಬಿದ್ದ ಬೆಂಕಿಯ ಬೆಳಕಿನಲ್ಲೇ ಅವಳು ಫ್ರಾನ್ಸಿನ ಕ್ರಾಂತಿಯನ್ನು ನೋಡಿದಳು. ಆ ರೈತರ ಹಸಿವು ಅವಳ ಪುಟಗಳಲ್ಲಿ ಇಲ್ಲ. ತರಗತಿಯಲ್ಲಿ ಈ ಪುಸ್ತಕದ ಮಾತು ಬಂದಾಗ ನಾನು ಇದನ್ನು ತಪ್ಪದೆ ಹೇಳುತ್ತಿದ್ದೆ. ಇತಿಹಾಸದ ಲೆಕ್ಕದಲ್ಲೂ ಅವಳು ಕೈ ಸಡಿಲ ಬಿಟ್ಟಿದ್ದಾಳೆ. ಗಿಲೊಟಿನ್ ಬಳಕೆಗೆ ಬಂದದ್ದು 1792ರ ಏಪ್ರಿಲಿನಲ್ಲಿ. ಅದು ಹಗಲಿಡೀ ದುಡಿಯತೊಡಗಿದ್ದು 1793 ಮತ್ತು 1794ರ ಭೀತಿಯ ಆಳ್ವಿಕೆಯಲ್ಲಿ. ಆಗ ಫ್ರಾನ್ಸಿನುದ್ದಕ್ಕೂ ತೀರ್ಪು ಕೊಟ್ಟು ಕೊಂದವರ ಸಂಖ್ಯೆ ಸುಮಾರು 17,000. ಕಥೆಯ ಶೋವ್ಲಾನನ ಹೆಸರು ಕೂಡ ಇತಿಹಾಸದಿಂದಲೇ ಬಂದದ್ದು. ಆ ಹೆಸರಿನ ನಿಜವಾದ ಮನುಷ್ಯ 1792ರಲ್ಲಿ ಲಂಡನ್ನಿನಲ್ಲಿ ಫ್ರಾನ್ಸಿನ ಪ್ರತಿನಿಧಿಯಾಗಿದ್ದ. ತಾನೇ ಒಬ್ಬ ಮಾರ್ಕ್ವಿಸ್, ವಯಸ್ಸು ಇಪ್ಪತ್ತೈದರ ಆಸುಪಾಸು. 1793ರ ಜನವರಿಯಲ್ಲಿ ದೊರೆಯ ತಲೆ ಬಿದ್ದ ಸುದ್ದಿ ಬಂದೊಡನೆ ಬ್ರಿಟನ್ ಅವನನ್ನು ಹೊರಗೆ ಕಳಿಸಿತು. ಆ ವರ್ಷಗಳಲ್ಲಿ ಬೇಹುಗಾರಿಕೆ ನಿಜವಾಗಿಯೂ ಎರಡೂ ಕಡೆ ನಡೆದಿತ್ತು. ಪರದೇಶದವರ ಮೇಲೆ ಕಣ್ಣಿಡಲೆಂದು ಲಂಡನ್ನಿನಲ್ಲಿ ತೆರೆದ ಕಚೇರಿಯಲ್ಲಿದ್ದ ವಿಲಿಯಂ ವಿಕ್‌ಹ್ಯಾಮ್ ಎಂಬ ಅಧಿಕಾರಿ 1794ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಅಲ್ಲಿಂದಲೇ ಫ್ರಾನ್ಸಿನೊಳಗೆ ಗುಪ್ತಚರರ ಜಾಲ ನೇಯ್ದ.

ಪರ್ಸಿ ಬ್ಲೇಕ್ನಿ ತನ್ನ ಕಣ್ಣಿಗೆ ಕಂಡದ್ದು ಲಂಡನ್ನಿನ ನೆಲದಡಿ ರೈಲಿನ ನಿಲ್ದಾಣದಲ್ಲಿ ಎಂದು ಓರ್ಸಿ ಹೇಳಿಕೊಂಡಿದ್ದಾಳೆ. ಮೊದಲು ಅದು ನಾಟಕವಾಗಿ 1903ರಲ್ಲಿ ನಾಟಿಂಗ್‌ಹ್ಯಾಮ್ ಊರಿನಲ್ಲಿ ರಂಗಕ್ಕೇರಿತು. ಕೊನೆಯ ಅಂಕ ತಿದ್ದಿ 1905ರ ಜನವರಿಯಲ್ಲಿ ಲಂಡನ್ನಿಗೆ ತಂದಾಗ ವಿಮರ್ಶಕರು ಬೈದರು, ಜನ ಮುಗಿಬಿದ್ದರು. ಹಲವು ಪ್ರಕಾಶಕರು ಬೇಡವೆಂದಿದ್ದ ಕಾದಂಬರಿ ಅದೇ ವರ್ಷ ಅಚ್ಚಾಯಿತು. ಹಗಲು ಒಬ್ಬ, ಇರುಳು ಇನ್ನೊಬ್ಬ ಎನ್ನುವ ವೀರನ ಮಾದರಿ ಅಲ್ಲಿಂದ ಹರಡಿತು. 1919ರಲ್ಲಿ ಜೋರೋ, 1938ರಲ್ಲಿ ಸೂಪರ್‌ಮ್ಯಾನ್, 1939ರಲ್ಲಿ ಬ್ಯಾಟ್‌ಮ್ಯಾನ್. ನಮ್ಮ ಮಕ್ಕಳು ಅಂಗಿಯ ಮೇಲೆ ಹಾಕಿಕೊಳ್ಳುವ ಈ ವೀರರಿಗೆಲ್ಲ ಪರ್ಸಿಯೇ ಹಿರಿಯಣ್ಣ.

ತೆರೆಯ ಮೇಲಿನ ಮಾರ್ಗರೀಟ್

1934ರಲ್ಲಿ ಈ ಕಥೆ ಸಿನಿಮಾ ಆಯಿತು. ನಿರ್ಮಿಸಿದವನು ಅಲೆಕ್ಸಾಂಡರ್ ಕೋರ್ಡಾ. ಹಂಗೇರಿಯ ಯಹೂದಿ, ಹುಟ್ಟಿದಾಗ ಇಟ್ಟ ಹೆಸರು ಸಾಂಡೋರ್ ಕೆಲ್ನರ್. ಅಪ್ಪಟ ಇಂಗ್ಲಿಷ್ ಗಂಡಸಾಗಿ ಪರ್ಸಿಯ ಪಾತ್ರ ಮಾಡಿದ ಲೆಸ್ಲಿ ಹವರ್ಡನ ತಂದೆಯೂ ಹಂಗೇರಿ ಮೂಲದ ಯಹೂದಿ, ಮನೆತನದ ಹೆಸರು ಸ್ಟೈನರ್. ಮಾರ್ಗರೀಟಳಾಗಿ ನಟಿಸಿದವಳು ಮರ್ಲ್ ಓಬೆರಾನ್.

ನಾನು ಆ ಚಿತ್ರವನ್ನು ಮೊದಲ ಸಲ ನೋಡಿದಾಗ ಅವಳ ವಿಷಯ ನನಗೆ ತಿಳಿದಿರಲಿಲ್ಲ. ತಿಳಿದ ಮೇಲೆ ಮತ್ತೆ ನೋಡಿದೆ, ಕಣ್ಣು ತುಂಬಿ ಬಂತು. ಮರ್ಲ್ ಹುಟ್ಟಿದ್ದು 1911ರಲ್ಲಿ ನಮ್ಮ ಮುಂಬಯಿಯಲ್ಲಿ, ಬೆಳೆದದ್ದು ಕಲ್ಕತ್ತೆಯಲ್ಲಿ. ಆಂಗ್ಲೋ ಇಂಡಿಯನ್ ಕುಟುಂಬದ ಬಡ ಹುಡುಗಿ. ಅಂದಿನ ಬ್ರಿಟಿಷ್ ಮತ್ತು ಹಾಲಿವುಡ್ ಚಿತ್ರರಂಗದಲ್ಲಿ ಅವಳ ರಕ್ತದಲ್ಲಿ ಭಾರತವಿದೆ ಎಂದು ತಿಳಿದರೆ ನಾಯಕಿಯಾಗುವ ದಾರಿಯೇ ಮುಚ್ಚಿಹೋಗುತ್ತಿತ್ತು. ಅದಕ್ಕೇ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದವಳೆಂದು ಒಂದು ಕಥೆ ಕಟ್ಟಿದರು. ಅವಳನ್ನು ಸಾಕಿ ಬೆಳೆಸಿದ ಷಾರ್ಲೆಟ್ ಕಪ್ಪು ಮೈಬಣ್ಣದ ಹೆಂಗಸು. ನಿಜದಲ್ಲಿ ಅಜ್ಜಿ, ಮರ್ಲ್‌ಗೆ ಅವಳೇ ಅಮ್ಮ. ಲಂಡನ್ನಿನಲ್ಲಿ ಮರ್ಲ್‌ಳ ಮನೆಯಲ್ಲೇ ಇದ್ದಳು. ಅತಿಥಿಗಳು ಬಂದಾಗ ಮಾತ್ರ ಅವಳು ಮನೆಗೆಲಸದವಳಾಗಬೇಕಿತ್ತು.

ಆ ದೃಶ್ಯವನ್ನು ಸುಮ್ಮನೆ ಕಣ್ಣ ಮುಂದೆ ತಂದುಕೊಳ್ಳಿ. ಹೊರಗೆ ಊರೇ ಕೊಂಡಾಡುವ ತಾರೆ. ಒಳಗೆ ಹೆತ್ತಮ್ಮನಂತೆ ಸಾಕಿದವಳು. ಬಾಗಿಲ ಗಂಟೆ ಬಾರಿಸಿದೊಡನೆ ಆ ಹಿರಿಯಳು ತಾಯ್ತನ ಕಳಚಿಟ್ಟು ಚಾಕರಿಯವಳಾಗಿ ನಿಲ್ಲುತ್ತಾಳೆ. ಷಾರ್ಲೆಟ್ ತೀರಿಕೊಂಡದ್ದು 1937ರಲ್ಲಿ. ಎಷ್ಟೋ ವರ್ಷದ ಮೇಲೆ ಮರ್ಲ್ ಒಂದು ಹಳೆಯ ಫೋಟೋ ಕೊಟ್ಟು ಅವಳ ಚಿತ್ರ ಬರೆಸಿದಳು. ಅದರಲ್ಲಿ ಮೈಬಣ್ಣವನ್ನು ತಿಳಿಯಾಗಿಸಲು ಹೇಳಿದ್ದಳು. ಅಮ್ಮ ಸತ್ತ ಮೇಲೂ ವೇಷ ತೆಗೆಯುವ ಧೈರ್ಯ ಆಕೆಗೆ ಬರಲಿಲ್ಲ. ನಾನು ಅವಳನ್ನು ದೂರುವುದಿಲ್ಲ. ಚರ್ಮದ ಬಣ್ಣ ನೋಡಿ ಬಾಗಿಲು ಹಾಕುತ್ತಿದ್ದ ಲೋಕ ಅವಳ ಕೈಯಲ್ಲಿ ಈ ಕೆಲಸ ಮಾಡಿಸಿತು. 1979ರಲ್ಲಿ ತೀರಿಕೊಳ್ಳುವವರೆಗೂ ಅವಳು ತಾನಾಗಿ ನಿಜ ಹೇಳಲಿಲ್ಲ. ಗಂಡನ ನಿಜ ಹೆಸರು ತಿಳಿಯದೆ ಒದ್ದಾಡುವ ಹೆಣ್ಣಿನ ಪಾತ್ರ ಅವಳಿಗೆ ಅಷ್ಟು ಚೆನ್ನಾಗಿ ಒದಗಿದ್ದು ಏಕೆ ಎಂದು ಈಗ ನನಗೆ ಕೇಳಬೇಕೆನಿಸುವುದಿಲ್ಲ.

ಕೊನೆಯ ವೇಷ

ಕಾದಂಬರಿಯ ಕೊನೆಯ ಭಾಗ ಫ್ರಾನ್ಸಿನ ಕ್ಯಾಲೆ ಕಡಲತೀರದಲ್ಲಿ ನಡೆಯುತ್ತದೆ. ಪಾದ್ರಿಯ ವೇಷದಲ್ಲಿ ಬಂದ ಶೋವ್ಲಾನನ ಮೂಗಿಗೆ ಪರ್ಸಿ ನಶ್ಯದ ಬದಲು ಮೆಣಸಿನ ಪುಡಿ ಕೊಟ್ಟು ತಪ್ಪಿಸಿಕೊಳ್ಳುತ್ತಾನೆ. ಆಮೇಲೆ ಒಬ್ಬ ಯಹೂದಿ ಗಾಡಿಯವನ ವೇಷ ಹಾಕಿ, ತನ್ನನ್ನು ಹುಡುಕುತ್ತಿರುವ ಶತ್ರುವನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾನೆ. ಯಹೂದಿಯ ಮುಖವನ್ನು ಯಾರೂ ಸರಿಯಾಗಿ ನೋಡುವುದಿಲ್ಲ ಎನ್ನುವುದೇ ಆ ಯುಕ್ತಿಯ ಬಲ. ಓರ್ಸಿ ಅಲ್ಲಿಗೆ ನಿಲ್ಲಿಸುವುದಿಲ್ಲ. ಆ ಗಾಡಿಯವನನ್ನು ವರ್ಣಿಸುವಾಗ ಅವಳ ಮಾತುಗಳಲ್ಲೇ ತಿರಸ್ಕಾರ ತುಂಬಿದೆ. ಅಮ್ಮನಿಗೆ ಹೇಳುವಾಗ ನಾನು ಆ ವರ್ಣನೆಗಳನ್ನು ಬಿಟ್ಟೆ. ನನ್ನ ವಿದ್ಯಾರ್ಥಿಗಳಿಗೆ ಹೇಳುವಾಗ ಬಿಡಲಿಲ್ಲ. ಒಳ್ಳೆಯ ಕಥೆಯೊಳಗೂ ವಿಷ ಇರಬಹುದು, ಅದನ್ನು ಬೆರಳಿಟ್ಟು ತೋರಿಸುವುದು ಮೇಷ್ಟರ ಕೆಲಸ.

ಆ ವಿಷ ಮುಂದೆ ಹೇಗೆ ತೊಳೆದುಹೋಯಿತು ಎನ್ನುವುದು ಈ ಪುಸ್ತಕದ ಬಾಳಿನಲ್ಲೇ ನನಗೆ ಅತ್ಯಂತ ಪ್ರಿಯವಾದ ಸಂಗತಿ. 1941ರಲ್ಲಿ, ಹಿಟ್ಲರನ ಯುದ್ಧ ನಡೆಯುತ್ತಿರುವಾಗಲೇ, ಲೆಸ್ಲಿ ಹವರ್ಡ್ ‘ಪಿಂಪರ್ನೆಲ್ ಸ್ಮಿತ್’ ಎಂಬ ಚಿತ್ರ ಮಾಡಿದ. ಇಲ್ಲಿ ಪರ್ಸಿಯ ಜಾಗದಲ್ಲಿ ಮರೆಗುಳಿಯಂತೆ ಕಾಣುವ ಒಬ್ಬ ಪ್ರಾಧ್ಯಾಪಕ. ಅವನು ಪಾರುಮಾಡುವುದು ನಾಜಿಗಳ ಕೈಗೆ ಸಿಕ್ಕಿದವರನ್ನು. 1943ರ ಜೂನ್ 1ರಂದು ಲಿಸ್ಬನ್‌ನಿಂದ ಹೊರಟ ಪ್ರಯಾಣಿಕರ ವಿಮಾನವನ್ನು ಜರ್ಮನ್ ಯುದ್ಧವಿಮಾನಗಳು ಕಡಲ ಮೇಲೆ ಹೊಡೆದುರುಳಿಸಿದವು. ಅದರಲ್ಲಿದ್ದ 17 ಮಂದಿಯೂ ಸತ್ತರು, ಹವರ್ಡ್ ಅವರಲ್ಲೊಬ್ಬ.

ಅವನ ಚಿತ್ರವನ್ನು ಸ್ಟಾಕ್‌ಹೋಮಿನ ಬ್ರಿಟಿಷ್ ರಾಯಭಾರ ಕಚೇರಿಯಲ್ಲಿ ತೋರಿಸಿದಾಗ ರಾವುಲ್ ವಾಲೆನ್‌ಬರ್ಗ್ ಎಂಬ ಸ್ವೀಡಿಷ್ ತರುಣ ತಂಗಿಯೊಡನೆ ಹೋಗಿ ನೋಡಿದ. ಇಂಥ ಕೆಲಸ ಮಾಡಬೇಕೆಂಬ ಆಸೆಯನ್ನು ಅಂದು ಮನೆಗೆ ಮರಳುವಾಗ ಹೇಳಿಕೊಂಡನೆಂದು ಆ ತಂಗಿ ಮುಂದೆ ನೆನಪಿಸಿಕೊಂಡಿದ್ದಾಳೆ. 1944ರ ಜುಲೈನಲ್ಲಿ ಅವನು ಸ್ವೀಡನ್ನಿನ ರಾಜತಾಂತ್ರಿಕನಾಗಿ ಇಳಿದದ್ದು ಬುಡಾಪೆಸ್ಟಿನಲ್ಲಿ, ಓರ್ಸಿಯ ತಾಯ್ನೆಲದಲ್ಲಿ. ಅಷ್ಟರಲ್ಲಾಗಲೇ ಹಂಗೇರಿಯಿಂದ 4 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಕಳಿಸಿಯಾಗಿತ್ತು, ಹೆಚ್ಚಿನವರನ್ನು ಔಷ್ವಿಟ್ಸ್ ಮರಣಶಿಬಿರಕ್ಕೆ. ಉಳಿದವರಿಗಾಗಿ ವಾಲೆನ್‌ಬರ್ಗ್ ಹಳದಿ ನೀಲಿ ಬಣ್ಣದ, ಮೂರು ಕಿರೀಟದ ಮುದ್ರೆಯಿದ್ದ ರಕ್ಷಣಾಪತ್ರಗಳನ್ನು ಅಚ್ಚು ಹಾಕಿಸಿದ. ಈ ಪತ್ರ ಇರುವವರು ಸ್ವೀಡನ್ನಿನ ರಕ್ಷಣೆಯಲ್ಲಿದ್ದಾರೆ ಎಂದು ಅದರ ಒಕ್ಕಣೆ. ಮನೆಗಳನ್ನು ಬಾಡಿಗೆಗೆ ಹಿಡಿದು ಸ್ವೀಡನ್ನಿನ ಬಾವುಟ ಹಾರಿಸಿ ಅದರಡಿ ಜನರನ್ನಿಟ್ಟ. ಸಾವಿರಾರು ಜನ ಹೀಗೆ ಬದುಕಿಕೊಂಡರು. ತಾನು ವೇಷ ಹಾಕಲಿಲ್ಲ. ವೇಷ ಬೇಕಾಗಿದ್ದವರಿಗೆ ಒಂದು ಹೊಸ ಗುರುತು ಕೊಟ್ಟ. 1945ರ ಜನವರಿ 17ರಂದು ಸೋವಿಯತ್ ಸೇನೆ ಅವನನ್ನು ಕರೆದೊಯ್ದಿತು. ಅವನು ಮರಳಿ ಬರಲಿಲ್ಲ.

ಹನ್ನೊಂದನೆಯ ರಾತ್ರಿ

ಕ್ಯಾಲೆಯ ದಡದಲ್ಲಿ ಸೈನಿಕರು ಆ ಗಾಡಿಯವನನ್ನು ಹೊಡೆದು, ಕಟ್ಟಿಹಾಕಿ ಹೋಗುತ್ತಾರೆ. ಮಾರ್ಗರೀಟ್ ಕೂಡ ಅಲ್ಲೇ, ಬಂಡೆಗಳ ನಡುವೆ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಾಳೆ. ಎಚ್ಚರವಾದಾಗ ಕತ್ತಲಲ್ಲಿ ಒಂದು ಧ್ವನಿ ಕೇಳುತ್ತದೆ. ಎಳೆದೆಳೆದು ಮಾತಾಡುವ ಗಂಡನ ಧ್ವನಿ, ಆ ಹರಕು ಬಟ್ಟೆಯ ಮೂಟೆಯೊಳಗಿಂದ. ಅವಳು ತೆವಳಿಕೊಂಡು ಹೋಗಿ ಹಗ್ಗದ ಗಂಟುಗಳನ್ನು ಬೆರಳಿಂದ, ಹಲ್ಲಿಂದ ಬಿಚ್ಚುತ್ತಾಳೆ. ಅಣ್ಣ ಆಗಲೇ ಹಡಗು ಸೇರಿದ್ದಾನೆ.

ಕಥೆ ಮುಗಿಯಿತು ಎಂದು ಪುಸ್ತಕ ಮಡಿಸಿದೆ. ಅಮ್ಮನ ಮೊರದ ತುಂಬ ಬೇಳೆ. ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, “ನಿಮ್ಮಪ್ಪನೂ ಹೇಳ್ಲಿಲ್ಲ ಕಣೇ” ಅಂದಳು.

ಅಪ್ಪ ತೀರಿಕೊಂಡು ಆಗ ಐದು ವರ್ಷವಾಗಿತ್ತು. 1942ರಲ್ಲಿ, ಸ್ವಾತಂತ್ರ್ಯ ಚಳವಳಿಯಲ್ಲಿ ಈಸೂರು ಎಂಬ ಹಳ್ಳಿ ಸುದ್ದಿಯಾದ ವರ್ಷ, ಅವರೂ ಅದರಲ್ಲಿದ್ದರು ಎನ್ನುವುದಷ್ಟೇ ನಮಗೆ ಗೊತ್ತಿತ್ತು. ಅಮ್ಮ ಆ ರಾತ್ರಿ ಉಳಿದದ್ದನ್ನು ಹೇಳಿದಳು. ಮದುವೆಯಾಗಿ ಏಳು ತಿಂಗಳು. ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ರೈಟರ್ ಕೆಲಸ ಸಿಕ್ಕಿದೆ ಎಂದು ಅಪ್ಪ ಹೊರಟರು. ನಾಲ್ಕು ತಿಂಗಳು ಬರಲಿಲ್ಲ. ಬೇರೆ ಹೆಸರಿಟ್ಟುಕೊಂಡು, ರಾತ್ರಿ ಹೊತ್ತು ಊರಿಂದೂರಿಗೆ ಕರಪತ್ರದ ಕಟ್ಟು ಹೊತ್ತು ನಡೆಯುತ್ತಿದ್ದರಂತೆ. ಒಂದು ದಿನ ಪೊಲೀಸರು ಮನೆಗೆ ಬಂದು ಅಟ್ಟ, ಕಣಜ ಎಲ್ಲ ಜಾಲಾಡಿ ಅಮ್ಮನನ್ನು ಕೇಳಿದರು. ಹದಿನೇಳರ ಹುಡುಗಿ ಬಾಗಿಲ ಹಿಂದಿನಿಂದಲೇ, ಕಾಫಿ ತೋಟದಲ್ಲಿದ್ದಾರೆ, ಬೇಕಾದರೆ ಅವರು ಬರೆದ ಕಾಗದ ನೋಡಿ ಅಂದಳು. ಅವಳ ಮಾತು ಕೇಳಿದ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಅವರು ಹೊರಟುಹೋದರು.

ಗೊತ್ತಿಲ್ಲದವರ ಬಾಯಿಂದ ಗುಟ್ಟು ಹೊರಡುವುದಿಲ್ಲ. ಬೇಹುಗಾರಿಕೆ ಇರುವ ಕಡೆಯೆಲ್ಲ ಇದೇ ನಿಯಮ. ಒಬ್ಬ ಸಿಕ್ಕಿಬಿದ್ದರೆ ಅವನಿಗೆ ತಿಳಿದಷ್ಟೇ ಹಾಳಾಗಬೇಕು, ಅದಕ್ಕೇ ಯಾರಿಗೂ ಬೇಕಾದ್ದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅದು ಸರಿಯಾದ ಲೆಕ್ಕ, ಎಷ್ಟೋ ಜೀವ ಉಳಿಸಿದ ಲೆಕ್ಕ. ನಾನು ಅಮ್ಮನಿಗೆ ಇದನ್ನೇ ಬಿಡಿಸಿ ಹೇಳಿದೆ. ನಿನಗೆ ಗೊತ್ತಿದ್ದಿದ್ದರೆ ಅವರು ಹೊಡೆದು ಬಾಯಿ ಬಿಡಿಸುತ್ತಿದ್ದರಲ್ಲಮ್ಮ ಅಂದೆ.

“ನಿಮ್ಮಪ್ಪನೂ ಇದೇ ಮಾತು ಹೇಳಿದ್ರು,” ಅಂದಳು ಅಮ್ಮ. ಮೊರವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದು ನಿಂತಿದ್ದಳು. “ಹೊಡೆದಿದ್ರೆ ಹೊಡೆಸ್ಕೋತಿದ್ದೆ. ಅವರಿಗೋಸ್ಕರ ಒಂದು ಸುಳ್ಳು ಹೇಳ್ತಿದ್ದೆ. ಗೊತ್ತಿಲ್ದೆ ನಿಜ ಹೇಳೋ ಹಾಗೆ ಮಾಡಿದ್ರು ನನ್ನ.”

ಅಷ್ಟು ಹೇಳಿ ಅವಳು ಬೇಳೆಯನ್ನು ನೀರಿಗೆ ಹಾಕಲು ಅಡುಗೆಮನೆಗೆ ಹೋದಳು. ನಾನು ಪುಸ್ತಕ ತೆರೆದು, ಮಾರ್ಗರೀಟ್ ಹಗ್ಗದ ಗಂಟು ಬಿಚ್ಚುವ ಪುಟವನ್ನು ಇನ್ನೊಮ್ಮೆ ಓದಿದೆ.